ಮೂರು ಕೋಸಿನ ಉಸಿರು

ಹುಮನಾಬಾದ, ೮ ಜೂನ್ ೧೯೩೬

ಚಿ. ಸೋನುಬಾಯಿಗೆ ಅಪ್ಪನ ಆಶೀರ್ವಾದ.

ಹೇಳುವವನು ನಾನು, ಬರೆಯುವವರು ಈ ದವಾಖಾನೆಯ ಕಂಪೌಂಡರ್ ಪೀರ್ ಪಾಷಾ. ನನ್ನ ಕೈ ಇನ್ನೂ ನಡುಗುತ್ತದೆ. ವಿಷಮಜ್ವರ ಬಿಟ್ಟಿತು, ಆದರೆ ಹೋಗುವಾಗ ನನ್ನನ್ನೂ ಅರ್ಧ ಹೊತ್ತುಕೊಂಡು ಹೋಯಿತು. ಗಂಜಿ ಕುಡಿಸಬೇಕಾದರೆ ನಿಮ್ಮವ್ವ ನನ್ನನ್ನು ಎತ್ತಿ ಕೂರಿಸಬೇಕು. ಇನ್ನು ಮೂರು ತಿಂಗಳು ಓಟದ ಮಾತೇ ಎತ್ತಬೇಡ ಎಂದು ಡಾಕ್ಟರು ಹೇಳಿದ್ದಾರೆ.

ಇಷ್ಟು ದಿನ ಬಸವಣಪ್ಪನ ತಮ್ಮ ನನ್ನ ಟಪಾಲಿನ ಚೀಲ ಹೊತ್ತ. ಈಗ ಮಳೆ ಬಿದ್ದಿದೆ, ಅವನು ಬಿತ್ತನೆಗೆ ಹೋಗಲೇಬೇಕು. ಕಟ್ಟಳೆ ನಿನಗೆ ಗೊತ್ತು. ಟಪಾಲು ಹೊತ್ತು ಓಡುವ ಹರಕಾರ ಹಾಸಿಗೆ ಹಿಡಿದರೆ ಅವನ ಮನೆಯಿಂದಲೇ ಬದಲಿ ಬರಬೇಕು, ಬಾರದಿದ್ದರೆ ಗೆಜ್ಜೆಕೋಲೂ ಅದರ ಜೊತೆ ಕೆಲಸವೂ ಬೇರೆಯವರ ಮನೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಉಳಿದವಳು ನೀನೊಬ್ಬಳೇ. ಕಲ್ಯಾಣಿಯ ಟಪಾಲು ಕಚೇರಿಯಿಂದ ಹುಣಸೆಮರದ ಚೌಕಿಗೆ ಮೂರು ಕೋಸು, ಅಂದರೆ ಆರು ಮೈಲು. ಬೆಳಿಗ್ಗೆ ಅದನ್ನು ಸವಾ ತಾಸಿನಲ್ಲಿ, ಅಂದರೆ ಎಪ್ಪತ್ತೈದು ನಿಮಿಷದಲ್ಲಿ ಮುಟ್ಟಿ, ಮುಂದಿನ ಹಾದಿ ಓಡುವ ಬಸವಣಪ್ಪನ ಹೆಗಲಿಗೆ ಚೀಲ ಹಾಕಬೇಕು. ಸಂಜೆ ಅವನು ತಂದ ಹುಮನಾಬಾದದ ಚೀಲ ತೆಗೆದುಕೊಂಡು ತಿರುಗಿ ಬರಬೇಕು.

ಇದು ನಿನ್ನಿಂದ ಆಗುತ್ತದೆ ಎಂದು ಯಾಕೆ ಅಂದುಕೊಂಡೆ, ಹೇಳಲೇ? ಎರಡು ವರ್ಷದ ಹಿಂದೆ ಗಂಡನ ಊರು ನಿರ್ಣಾದಿಂದ ಒಬ್ಬಳೇ ಎರಡು ದಿನ ನಡೆದು ಮನೆಗೆ ಬಂದೆಯಲ್ಲ, ಆವತ್ತು ಬಾಗಿಲಲ್ಲಿ ನಿಂತಾಗ ನಿನಗೆ ಏದುಸಿರು ಇರಲಿಲ್ಲ. ಸಂತೆಗೆ ಹೋಗಿ ಬಂದವಳ ಹಾಗೆ ನಿಂತಿದ್ದೆ. ನಾನು ಬೇರೆ ಏನನ್ನೂ ಕೇಳಲಿಲ್ಲ, ನಿನ್ನ ಉಸಿರನ್ನು ಮಾತ್ರ ನೋಡಿದ್ದೆ.

ದಿನಾ ಚೀಲ ಹೊರುವ ಮೊದಲು ಟಪಾಲು ಕಚೇರಿಯಲ್ಲಿ ಮೊಹಿನುದ್ದೀನ್ ಮುನ್ಶಿಯವರ ಗೋಡೆಗಡಿಯಾರದ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಒಂದು ನಿಮಿಷ ನಾಡಿ ಎಣಿಸು. ಎಷ್ಟೆಂದು ನನಗೆ ಬರೆ. ಓಡುವ ದಿನಗಳಲ್ಲಿ ನನ್ನದು ಐವತ್ತು ಇರುತ್ತಿತ್ತು. ಈಗ ತೊಂಬತ್ತಾರು.

ನಿನ್ನ ಅಪ್ಪ,
ದೇವಿಂದ್ರಪ್ಪ


ಕಲ್ಯಾಣಿ, ೧೭ ಜೂನ್ ೧೯೩೬

ತೀರ್ಥರೂಪ ಅಪ್ಪನವರ ಪಾದಕ್ಕೆ ಸೋನುವಿನ ನಮಸ್ಕಾರಗಳು.

ಸುಳ್ಳು ಬರೆಯುವುದಿಲ್ಲ. ಮೊದಲ ದಿನ ಎರಡು ತಾಸಿಗೆ ಹತ್ತು ನಿಮಿಷ ಕಮ್ಮಿ ಹಿಡಿಯಿತು. ಊರ ಅಗಸೆಬಾಗಿಲು ದಾಟುವ ತನಕ ಜನ ನೋಡುತ್ತಾರೆಂದು ಜೋರಾಗಿ ಓಡಿದೆ. ಅರ್ಧ ಕೋಸಿಗೇ ಪಕ್ಕೆ ಹಿಡಿಯಿತು. ಕೆಂಪು ಮಣ್ಣಿನ ಏರಿನಲ್ಲಿ ಕೂತುಬಿಟ್ಟೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಚೌಕಿ ಮುಟ್ಟಿದಾಗ ಬಸವಣಪ್ಪ ಕಾಕಾ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚೀಲ ಕಿತ್ತುಕೊಂಡು ಓಡಿದರು. ನಾನು ಕಳೆದ ಹೊತ್ತನ್ನು ಅವರು ತಮ್ಮ ಹಾದಿಯಲ್ಲಿ ತುಂಬಿಕೊಡುತ್ತಿದ್ದಾರೆ. ಐವತ್ತು ದಾಟಿದ ಮನುಷ್ಯ ನನ್ನ ದೆಸೆಯಿಂದ ಹಾಗೆ ಓಡುವುದು ನೋಡಲಾಗದೆ ಮೂರನೇ ದಿನ ಕ್ಷಮೆ ಕೇಳಿದೆ. ಅದಕ್ಕೆ ಅವರಂದದ್ದು: "ನಿಮ್ಮಪ್ಪ ಇಪ್ಪತ್ಮೂರು ವರ್ಷದಾಗ ಒಂದ್ ದಿನಾನೂ ನನಗ ಕಾಯ್ಸಿಲ್ಲವ್ವ. ನಿನಗ ನಾಕ್ ದಿನ ಕಾದ್ರ ನನ್ನ ಗಂಟೇನ್ ಹೋಗ್ತದ?"

ಮುನ್ಶಿಯವರು ಮಾತ್ರ ತಡವಾದದ್ದನ್ನು ತಡವೆಂದೇ ಬರೆಯುತ್ತಾರೆ. ಎರಡು ತಿಂಗಳೊಳಗೆ ಸರಿಹೋಗದಿದ್ದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದರು.

ನಾಡಿ ಎಂಬತ್ತೆರಡು. ತೊಡೆಗಳು ನನ್ನ ಮಾತು ಕೇಳುತ್ತಿಲ್ಲ.

ನಿಮ್ಮ ಸೋನು


ಹುಮನಾಬಾದ, ೨೬ ಜೂನ್ ೧೯೩೬

ಚಿ. ಸೋನುಗೆ,

ನಿನ್ನ ಪತ್ರ ಓದಿಸಿಕೊಂಡು ನಗು ಬಂತು. ನಾನೂ ಮೊದಲ ದಿನ ಅದೇ ಏರಿನಲ್ಲಿ ಕೂತವನು. ಇದನ್ನು ಯಾರಿಗೂ ಹೇಳಿಲ್ಲ, ಈಗ ನಿನಗೆ ಮತ್ತು ಪೀರ್ ಪಾಷಾಗೆ ಗೊತ್ತಾಯಿತು.

ಕೇಳು. ಮೂರು ಕೋಸನ್ನೂ ಓಡಬೇಡ. ಒಂದು ಮರದಿಂದ ಇನ್ನೊಂದು ಮರದ ತನಕ ಓಡು, ಅದರ ಮುಂದಿನ ಮರದ ತನಕ ನಡೆ. ಎಂಟು ದಿನ ಹೋದ ಮೇಲೆ ಎರಡು ಮರ ಓಡು, ಒಂದು ಮರ ನಡೆ. ಓಡುತ್ತಲೇ ಬಾಯಿಬಿಟ್ಟು ಒಂದು ಪೂರ್ತಿ ಮಾತು ಹೇಳಿ ನೋಡು. ಮಾತು ನಡುವೆ ತುಂಡಾದರೆ ಓಟ ಜೋರಾಯಿತೆಂದು ತಿಳಿ. ಕೋಲು ಮೂರು ಹೆಜ್ಜೆಗೊಮ್ಮೆ ನೆಲ ಮುಟ್ಟಲಿ. ಗೆಜ್ಜೆ ಒಂದೇ ಸಮ ಕೇಳಿಸುತ್ತಿದ್ದರೆ ಉಸಿರೂ ಒಂದೇ ಸಮ ಇದೆ. ವಾರಕ್ಕೊಂದು ದಿನ ಏರಿನಲ್ಲಿ ಮಾತ್ರ ಮೈ ಮುರಿದು ಓಡು, ಮಾರನೆಯ ದಿನ ಮೆಲ್ಲಗೆ ಹೋಗು.

ಉಸಿರು ಯಾಕೆ ಹೀಗೆ ಪಳಗುತ್ತದೆ ಎಂದು ಪೀರ್ ಪಾಷಾರನ್ನು ಕೇಳಿದೆ. ಗುಂಡಿಗೆಯೂ ತೋಳಿನ ಹಾಗೆ, ದುಡಿದಷ್ಟೂ ಬಲಿಯುತ್ತದಂತೆ. ಬಲಿತ ಗುಂಡಿಗೆ ಒಂದು ಬಡಿತಕ್ಕೇ ಹೆಚ್ಚು ರಕ್ತ ನೂಕುತ್ತದೆ, ಹಾಗಾಗಿ ಕಮ್ಮಿ ಬಡಿದರೂ ಸಾಕಾಗುತ್ತದೆ. ಇಪ್ಪತ್ಮೂರು ವರ್ಷ ನನ್ನ ಎದೆಯೊಳಗೆ ಏನು ನಡೆಯುತ್ತಿತ್ತೆಂದು ಈಗ ಹಾಸಿಗೆಯಲ್ಲಿ ಬಿದ್ದುಕೊಂಡು ತಿಳಿದುಕೊಳ್ಳುತ್ತಿದ್ದೇನೆ.

ಕಲ್ಲಿನ ಮೋರಿಯ ಹತ್ತಿರದ ಸೀತಾಫಲದ ಗಿಡಗಳು ಹ್ಯಾಗಿವೆ? ಅವು ನಾನು ಚೆಲ್ಲಿದ ಬೀಜದವು. ಹಣ್ಣು ತಿಂದು ಬೀಜ ಉಗುಳಿ ಹೋಗುವ ಅಭ್ಯಾಸ ನನಗಿಲ್ಲ, ಜೇಬಿಗೆ ಹಾಕಿಕೊಳ್ಳುತ್ತೇನೆ. ಆದರೆ ಆ ಮೋರಿಯ ಮೇಲೆ ಕೂತು ನಾನು ಒಂದು ಹಣ್ಣೂ ತಿಂದಿಲ್ಲ. ಸೀತಾಫಲ ಅವಸರದ ಹಣ್ಣಲ್ಲ, ಒಂದೊಂದೇ ತೊಳೆ ಬಿಡಿಸಿ, ಬೀಜ ತೆಗೆದು ತಿನ್ನಬೇಕು. ಚೀಲ ಹೆಗಲ ಮೇಲಿದ್ದವನಿಗೆ ಅಷ್ಟು ಹೊತ್ತೆಲ್ಲಿ?

ಅಪ್ಪ


ಕಲ್ಯಾಣಿ, ೨೫ ಜುಲೈ ೧೯೩೬

ಅಪ್ಪಾ, ನಮಸ್ಕಾರಗಳು.

ಒಂದು ತಾಸು ಹದಿನಾಲ್ಕು ನಿಮಿಷ.

ಮೊದಲು ಅದನ್ನೇ ಬರೆಯಬೇಕೆನ್ನಿಸಿತು. ಚೌಕಿಯ ಹತ್ತಿರ ನಾನು ಮೊದಲು ಬಂದೆ, ಬಸವಣಪ್ಪ ಕಾಕಾ ಇನ್ನೂ ತಂಬಾಕು ತಿಕ್ಕುತ್ತಿದ್ದರು. ಅವರು ಬೆಚ್ಚಿ ಎದ್ದು, ತಂಬಾಕು ಚೆಲ್ಲಿ, ನನ್ನನ್ನೇ ಬೈದರು. ಅಷ್ಟು ಚಂದದ ಬೈಗುಳ ನಾನು ಕೇಳಿಲ್ಲ. ಸಂಜೆ ಮುನ್ಶಿಯವರು ಚೌಕಿಯ ಚೀಟಿಯಲ್ಲಿನ ನನ್ನ ವೇಳೆಯನ್ನು ಎರಡು ಸಲ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ ಬರೆದುಕೊಂಡರು. ನಾಡಿ ಅರವತ್ನಾಲ್ಕಕ್ಕೆ ಇಳಿದಿದೆ.

ಅಪ್ಪಾ, ಒಂದು ಮಾತು. ನೀವು ಸಂಜೆ ಮನೆಗೆ ಬಂದು, ಕೋಲು ಮೂಲೆಗಿಟ್ಟು, ರೊಟ್ಟಿಗೆ ಕೂತು ಊರ ಸುದ್ದಿ ಹೇಳುತ್ತಿದ್ದಿರಿ. ಹನ್ನೆರಡು ಮೈಲು ಓಡಿದವರ ಹಾಗೆ ಒಂದು ದಿನವೂ ಕಾಣಲಿಲ್ಲ. ಅದಕ್ಕೇ ಇರಬೇಕು, ಓಡುವುದು ಒಂದು ಕೆಲಸವೆಂದು ನಮಗೆ ಹೊಳೆಯಲೇ ಇಲ್ಲ. ಮಳೆಯಲ್ಲಿ, ಬಿಸಿಲಲ್ಲಿ, ಅಜ್ಜಿ ಸತ್ತ ಮೂರನೇ ದಿನದಲ್ಲೂ ನೀವು ಈ ಏರು ಹತ್ತಿದ್ದೀರಿ. ಅಲ್ಲಿ ಹತ್ತುವಾಗ ದಿನಾ ನಿಮ್ಮನ್ನು ನೆನೆಯುತ್ತೇನೆ. ನಿಮ್ಮಂಥ ಮನುಷ್ಯನ ಮಗಳು ನಾನು ಎಂದು ಹೆಮ್ಮೆಯಾಗುತ್ತದೆ. ಎದುರಿಗಿದ್ದರೆ ಇದನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನಿಮ್ಮ ಸೋನು


ಹುಮನಾಬಾದ, ೩ ಆಗಸ್ಟ್ ೧೯೩೬

ಚಿ. ಸೋನುಗೆ ಆಶೀರ್ವಾದ.

ಇದು ನನ್ನದೇ ಕೈಬರಹ, ಅಕ್ಷರ ಸೊಟ್ಟಗಿದ್ದರೂ ಓದಿಕೋ. ವಿಳಾಸಗಳನ್ನು ಓದಿ ಓದಿ ಕಲಿತವನ ಬರವಣಿಗೆ ಇಷ್ಟೇ. ಒಂದು ತಾಸು ಹದಿನಾಲ್ಕು ನಿಮಿಷವೆಂದು ಈ ವಾರ್ಡಿನ ರೋಗಿಗಳಿಗೆಲ್ಲ ಹೇಳಿದ್ದೇನೆ. ಒಬ್ಬನಿಗೆ ಕಿವಿ ಕೇಳಿಸುವುದಿಲ್ಲ, ಅವನಿಗೆ ಎರಡು ಸಲ ಹೇಳಿದೆ.

ಇನ್ನೊಂದು ಸಂಗತಿ ಇದೆ. ನಿನ್ನ ಗಂಡ ಸೂರ್ಯಕಾಂತ ಇಬ್ಬರು ಹಿರಿಯರನ್ನು ಕರಕೊಂಡು ಇಲ್ಲಿಗೆ ಬಂದಿದ್ದ. ಎರಡು ವರ್ಷವಾಯಿತು, ಹೆಂಡತಿಯನ್ನು ಕಳಿಸಿರಿ ಎಂದ. ಹಾಸಿಗೆ ಹಿಡಿದವನು ಹಿರಿಯರ ಎದುರಿಗೆ ಏನು ಹೇಳಲಿ? "ಸೋನು ಈಗ ನನ್ನ ಬದಲಿ ಓಡಾಕತ್ತಾಳ, ಅಲ್ಲೀತನಕ ಆಗಂಗಿಲ್ಲ. ನಾ ತಿರುಗಿ ಕೋಲು ಹಿಡಿದ ದಿನ ಕಳಿಸ್ತೀನಿ" ಎಂದು ಮಾತು ಕೊಟ್ಟೆ. ಅವರು ಒಪ್ಪಿ ಹೋದರು.

ನಿಮ್ಮವ್ವ ಮಾತ್ರ ಎದ್ದು ಹೊರಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ನೀನು ಬಂದ ದಿನ ನಿನಗೆ ಸ್ನಾನಕ್ಕೆ ನೀರು ಹಾಕಿದವಳು ಅವಳು. ನನಗೆ ಗೊತ್ತಿಲ್ಲದ್ದು ಏನೋ ಅವಳಿಗೆ ಗೊತ್ತಿದೆ. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪ

ತಾ.ಕ.: ಬೇಟಿ, ನಾನು ಪೀರ್ ಪಾಷಾ. ನಿಮ್ಮ ಅಪ್ಪ ಬರೆಯದೆ ಬಿಟ್ಟದ್ದು ಇಷ್ಟು. ಮೊನ್ನೆ ನಾನು ಔಷಧಿ ಅರೆಯುತ್ತಿದ್ದಾಗ ಇವರು ಹಿತ್ತಲಿಗೆ ಹೋಗಿ, ಇಪ್ಪತ್ಮೂರು ವರ್ಷದ ಓಟ ಮೈಯಲ್ಲೇ ಇದೆಯೆಂದು ಓಡಲು ಹೊರಟರು. ಇಪ್ಪತ್ತು ಹೆಜ್ಜೆಗೆ ಬಿದ್ದರು. ನಾಡಿ ನೂರಾ ನಲವತ್ತು ದಾಟಿತ್ತು. ನಾನಂತೂ ಬಯ್ದಿದ್ದೇನೆ. ನೀವೂ ಬಯ್ಯಬೇಕು.


ಕಲ್ಯಾಣಿ, ೩೦ ಆಗಸ್ಟ್ ೧೯೩೬

ಅಪ್ಪಾ, ನಮಸ್ಕಾರಗಳು.

ನೀವು ಕೊಟ್ಟ ಮಾತಿನ ಬಗ್ಗೆ ಓದಿದೆ. ಬಿದ್ದದ್ದನ್ನೂ ಓದಿದೆ. ಬಯ್ಯೋಣವೆಂದರೆ ನಾನೂ ಅದೇ ತಪ್ಪು ಮಾಡಿ ಕೂತಿದ್ದೇನೆ.

ಹಳ್ಳ ತುಂಬಿ ನಮ್ಮ ಹಾದಿ ಹದಿನೇಳು ದಿನ ಮುಚ್ಚಿತ್ತು. ಟಪಾಲು ಬೇರೆ ದಾರಿಯಿಂದ ಬಂಡಿಯಲ್ಲಿ ಹೋಯಿತು. ನಾನು ಉಂಡು ಮಲಗಿದೆ. ಕಾಲಿಗೆ ವಿಶ್ರಾಂತಿ ಸಿಕ್ಕಿದೆ, ಇನ್ನು ಗಾಳಿಯ ಹಾಗೆ ಓಡುತ್ತೇನೆಂದು ತಿಳಿದಿದ್ದೆ. ಹಾದಿ ತೆರೆದ ದಿನ ಹಳೆಯ ವೇಗದಲ್ಲೇ ಹೊರಟೆ. ಕಾಲು ಮಾತು ಕೇಳಿದವು, ಉಸಿರು ಕೇಳಲಿಲ್ಲ. ಏರಿನ ಅರ್ಧಕ್ಕೆ ಕಣ್ಣು ಕತ್ತಲೆ ಬಂದು ಕುಸಿದೆ. ಬಸವಣಪ್ಪ ಕಾಕಾ ಹುಡುಕಿಕೊಂಡು ಬಂದು ನೀರು ಕುಡಿಸಿದರು. ನಾಡಿ ಅರವತ್ನಾಲ್ಕರಿಂದ ಎಪ್ಪತ್ತೆರಡಕ್ಕೆ ಏರಿತ್ತು. ಎರಡು ತಿಂಗಳು ಕಟ್ಟಿದ್ದು ಹದಿನೇಳೇ ದಿನದಲ್ಲಿ ಇಷ್ಟು ಕರಗಿಹೋಯಿತಲ್ಲ ಎಂದು ಅಲ್ಲೇ ಕೂತು ಅತ್ತೆ.

ಆದರೆ ಅಪ್ಪಾ, ಪೂರ್ತಿ ಹೋಗಿರಲಿಲ್ಲ. ಮಾರನೆಯ ದಿನದಿಂದ ಮರ ಓಡಿ ಮರ ನಡೆದೆ. ಮೊದಲ ಸಲ ಆರು ವಾರ ಹಿಡಿದದ್ದು ಈ ಸಲ ಹನ್ನೆರಡೇ ದಿನದಲ್ಲಿ ಬಂತು. ಮೈಗೆ ದಾರಿ ನೆನಪಿದೆ. ನೀವು ಕಳಕೊಂಡದ್ದೂ ಹಾಗೇ ತಿರುಗಿ ಬರುತ್ತದೆ. ನೀವು ಹೇಳಿಕೊಟ್ಟದ್ದನ್ನೇ ನಿಮಗೆ ಹೇಳುತ್ತಿದ್ದೇನೆ. ಮೊದಲು ನಡೆಯಿರಿ. ಆಮೇಲೆ ಒಂದು ಮರ ಓಡಿ ಎರಡು ಮರ ನಡೆಯಿರಿ. ಓಡುತ್ತ ಅವ್ವನ ಜೊತೆ ಒಂದು ಪೂರ್ತಿ ಮಾತು ಆಡಿ ನೋಡಿರಿ. ಅದೂ ಇಷ್ಟು ವರ್ಷದಿಂದ ಬಾಕಿ ಇದೆ.

ನೀವು ಓಡಲೇಬೇಕು. ಆಮೇಲೆ ನನ್ನದು ಏನಾಗುತ್ತದೆಂದು ಯೋಚಿಸಬೇಡಿರಿ.

ಸೋನು


ಹುಮನಾಬಾದ, ೨೨ ಸೆಪ್ಟೆಂಬರ್ ೧೯೩೬

ಚಿ. ಸೋನುಗೆ,

ನಿನ್ನ ಹುಕುಮಿನ ಪ್ರಕಾರ ನಡೆದಿದೆ. ಮೊದಲ ವಾರ ಬಾವಿಯ ತನಕ ನಡೆದೆ. ಎರಡನೇ ವಾರ ಊರ ಹೊರಗಿನ ಗೋರಿಯ ತನಕ. ಈಗ ಎರಡು ಮರ ಓಡಿ ಒಂದು ಮರ ನಡೆಯುತ್ತೇನೆ. ನಿಮ್ಮವ್ವ ಬುತ್ತಿ ಹಿಡಿದುಕೊಂಡು ಹಿಂದೆ ಬರುತ್ತಾಳೆ, ದನ ಮೇಯಿಸುವವರು ನಗುತ್ತಾರೆ. ನಾಡಿ ಅರವತ್ತೆಂಟು. ಪೀರ್ ಪಾಷಾ ದಿನಾ ತಮ್ಮ ಜೇಬುಗಡಿಯಾರ ಹಿಡಿದು ನೋಡಿ, ಈ ವಯಸ್ಸಿನಲ್ಲಿ ಇಷ್ಟು ಬೇಗ ಚೇತರಿಸಿಕೊಂಡ ಗುಂಡಿಗೆ ಕಂಡಿಲ್ಲ ಎನ್ನುತ್ತಾರೆ. ಇದು ನನ್ನ ಮಗಳ ಮದ್ದು ಎಂದೆ. ಇನ್ನು ಮೂರು ವಾರಕ್ಕೆ ಮೂರು ಕೋಸು ನನ್ನ ಕೈಗೆ ಬರುತ್ತದೆ, ಅನುಮಾನವಿಲ್ಲ.

ನಾನು ಅನೇಕರಿಗೆ ಓಡಲು ಕಲಿಸಿದ್ದೇನೆ. ಬಿದ್ದು, ಅತ್ತು, ಮಾರನೆಯ ದಿನ ತಾಳ್ಮೆಯಿಂದ ಮೊದಲ ಮರದಿಂದ ಶುರುಮಾಡಿದವರನ್ನು ನಿನ್ನ ಹೊರತು ಕಂಡಿಲ್ಲ. ಓಡುವುದಕ್ಕಿಂತ ಅದು ದೊಡ್ಡದು.

ನಿನ್ನೆ ನಿಮ್ಮವ್ವ ಬಾಯಿಬಿಟ್ಟಳು. ನಿನ್ನ ಬೆನ್ನಿನ ಮೇಲಿನ ಬರೆಗಳ ಬಗ್ಗೆ ಹೇಳಿದಳು. ಅದರ ಬಗ್ಗೆ ನನಗೆ ಬರೆಯಲಾಗುವುದಿಲ್ಲ. ಹಿರಿಯರ ಎದುರಿಗೆ ಮಾತು ಕೊಟ್ಟಿದ್ದೇನೆ, ಅದೂ ಇದೆ.

ಅಪ್ಪ


ಕಲ್ಯಾಣಿ, ೫ ಅಕ್ಟೋಬರ್ ೧೯೩೬

ಅಪ್ಪಾ, ನಮಸ್ಕಾರಗಳು.

ಟಪಾಲಿನ ದೊಡ್ಡ ಸಾಹೇಬರು ಹತ್ತೊಂಬತ್ತನೇ ತಾರೀಖು ಸೋಮವಾರ ಬರುತ್ತಾರೆ. ಚೌಕಿಯಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಾರಂತೆ. ಮುನ್ಶಿಯವರು ಕಾಯಿದೆ ಪುಸ್ತಕ ತೆಗೆದು ಓದಿ ಹೇಳಿದರು: ದಫ್ತರಿನಲ್ಲಿ ಹೆಸರಿದ್ದವನು ಆ ದಿನ ತಾನೇ ಓಡಬೇಕು. ಸವಾ ತಾಸಿನೊಳಗೆ ಮುಟ್ಟಿದರೆ ಕೋಲು ಅವನದೇ. ಮುಟ್ಟದಿದ್ದರೆ ನಾಲ್ಕು ತಿಂಗಳು ಓಡಿದ ಬದಲಿಗೆ ಮೊದಲ ಹಕ್ಕು. ಬದಲಿ ಗಂಡಸೇ ಆಗಿರಬೇಕೆಂದು ಎಲ್ಲೂ ಬರೆದಿಲ್ಲ, ಹೆಂಗಸರು ಓಡಿಯಾರೆಂದು ಬರೆದವರಿಗೆ ಹೊಳೆದೇ ಇಲ್ಲ ಎಂದು ನಕ್ಕರು.

ನೀವು ಮುಟ್ಟುತ್ತೀರಿ. ಕೋಲಿಗೆ ಎಣ್ಣೆ ಹಚ್ಚಿದ್ದೇನೆ, ಹಳೆಯ ಗೆಜ್ಜೆಗಳನ್ನು ಹೊಸ ದಾರಕ್ಕೆ ಪೋಣಿಸಿದ್ದೇನೆ. ನನ್ನ ಟ್ರಂಕನ್ನೂ ತುಂಬಿಟ್ಟಿದ್ದೇನೆ. ನನ್ನ ನಾಡಿ ಐವತ್ತಾರು. ನಿರ್ಣಾದಲ್ಲಿ ಓಡುವುದು ಇರುವುದಿಲ್ಲ, ಆರು ತಿಂಗಳಿಗೆ ಮತ್ತೆ ಎಂಬತ್ತಾಗುತ್ತದೆ. ಅದೊಂದು ಸಂಕಟ.

ಬೇಗ ಬನ್ನಿರಿ. ಆ ದಿನ ನಾನು ಚೌಕಿಯಲ್ಲಿ ನಿಂತು ನಿಮ್ಮ ಗೆಜ್ಜೆ ಕೇಳಬೇಕು.

ಸೋನು


ಹುಮನಾಬಾದ, ೨೬ ಅಕ್ಟೋಬರ್ ೧೯೩೬

ಚಿ. ಸೋನುಗೆ ಆಶೀರ್ವಾದ.

ನಾನೂ ನಿಮ್ಮವ್ವನೂ ತಿರುಗಿ ಹುಮನಾಬಾದಕ್ಕೆ ಸುಖವಾಗಿ ಬಂದು ಮುಟ್ಟಿದೆವು. ದೊಡ್ಡ ಸಾಹೇಬರು ದಯವಂತರು. ಹಳೆಯ ಹರಕಾರನೆಂದು ಇಲ್ಲಿನ ಟಪಾಲು ಕಚೇರಿಯಲ್ಲೇ ಕೂತು ಮಾಡುವ ಕೆಲಸ ಕೊಟ್ಟರು. ಚೀಲದ ಬಾಯಿ ಕಟ್ಟಿ, ಅರಗು ಹಚ್ಚಿ, ಮುದ್ರೆ ಒತ್ತುವುದು. ಸಂಜೆ ನಿನ್ನ ಹೆಗಲಿಗೆ ಬರುವ ಚೀಲವನ್ನು ಕಟ್ಟುವವನು ನಾನೇ.

ಆ ಸೋಮವಾರ ಹತ್ತು ನಿಮಿಷ ತಡವಾಯಿತು, ಏನು ಮಾಡುವುದು. ವಯಸ್ಸಾಯಿತು, ಕೊನೆಗೆ ದಮ್ಮು ಸಾಲಲಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿರ್ಣಾದ ಹಿರಿಯರಿಗೆ ಕಾಗದ ಹಾಕಿದ್ದೇನೆ. ನಾನು ತಿರುಗಿ ಕೋಲು ಹಿಡಿಯಲಿಲ್ಲ, ಇನ್ನು ಹಿಡಿಯುವುದೂ ಇಲ್ಲ, ಆದ್ದರಿಂದ ಮಗಳನ್ನು ಕಳಿಸುವುದು ಸಾಧ್ಯವಿಲ್ಲ ಎಂದು. ಕೊಟ್ಟ ಮಾತು ಮುರಿದಂತಾಗಲಿಲ್ಲ.

ಟ್ರಂಕು ಖಾಲಿ ಮಾಡು.

ಅಪ್ಪ


ಕಲ್ಯಾಣಿ, ೪ ನವೆಂಬರ್ ೧೯೩೬

ತೀರ್ಥರೂಪ ಅಪ್ಪನವರಿಗೆ ಸೋನುವಿನ ನಮಸ್ಕಾರಗಳು.

ದಫ್ತರಿನಲ್ಲಿ ನನ್ನ ಹೆಸರು ಬರೆದರು. ಮುನ್ಶಿಯವರು ತಮ್ಮ ಒಳ್ಳೆಯ ಲೇಖನಿ ತೆಗೆದರು. ನಿಮ್ಮ ಮುದ್ರೆ ಒತ್ತಿದ ಚೀಲ ದಿನಾ ಸಂಜೆ ನನ್ನ ಹೆಗಲಿಗೆ ಬರುತ್ತದೆ. ನೀವು ಕಟ್ಟಿದ ಗಂಟು ಬಹಳ ಗಟ್ಟಿ, ಬಿಚ್ಚಲಾಗದೆ ಮುನ್ಶಿಯವರು ಗೊಣಗುತ್ತಾರೆ.

ಪರೀಕ್ಷೆಯ ದಿನ ನಾನು ದೊಡ್ಡ ಸಾಹೇಬರ ಪಕ್ಕದಲ್ಲೇ ನಿಂತಿದ್ದೆ. ಅವರು ಗಡಿಯಾರ ನೋಡುತ್ತಿದ್ದರು, ನಾನು ನಿಮ್ಮನ್ನು ನೋಡುತ್ತಿದ್ದೆ. ಗೆಜ್ಜೆ ದೂರದಿಂದಲೇ ಒಂದೇ ಸಮ ಕೇಳುತ್ತಿತ್ತು, ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ನೀವು ಬಂದು ಚೀಲ ಇಳಿಸಿ, "ದಮ್ಮು ಹತ್ತೇದ್ರಿ ಸಾಹೇಬ್ರ, ಇನ್ನ ಆಗಂಗಿಲ್ಲ" ಎಂದು ಒಂದೇ ಉಸಿರಿಗೆ ಹೇಳಿದಿರಿ. ಮಾತು ನಡುವೆ ತುಂಡಾಗಲಿಲ್ಲ. ನಿಮ್ಮ ಎದೆ ಏದುತ್ತಿರಲಿಲ್ಲ ಅಪ್ಪಾ.

ಮೊನ್ನೆ, ಆ ದಿನ ನೀವು ತೊಟ್ಟು ಬಿಟ್ಟುಹೋದ ಅಂಗಿ ಒಗೆಯಲು ತೆಗೆದೆ. ಜೇಬಿನಲ್ಲಿ ಸೀತಾಫಲದ ಬೀಜಗಳಿದ್ದವು, ಮೂವತ್ತೊಂದು. ಒಂದು ಪೂರ್ತಿ ಹಣ್ಣಿನವು. ಮಾರನೆಯ ದಿನ ಕಲ್ಲಿನ ಮೋರಿಯ ಹತ್ತಿರ ನಿಂತು ನೋಡಿದೆ, ಕಲ್ಲಿನ ಮೇಲೆ ಒಣಗಿದ ಸಿಪ್ಪೆ ಇನ್ನೂ ಇತ್ತು. ಇಪ್ಪತ್ಮೂರು ವರ್ಷ ಓಡಿದವರು ಅಲ್ಲಿ ಒಂದು ದಿನ ಕೂತಿರಿ, ದೊಡ್ಡ ಸಾಹೇಬರು ಗಡಿಯಾರ ಹಿಡಿದು ಕಾಯುತ್ತಿದ್ದ ದಿನ.

ಹಣ್ಣು ಸಿಹಿಯಾಗಿತ್ತೇ?

ಬೀಜಗಳನ್ನು ಏರಿನ ಉದ್ದಕ್ಕೂ ಚೆಲ್ಲಿದ್ದೇನೆ. ಎರಡು ವರ್ಷದ ಹಿಂದೆ ನಾನು ಬಾಗಿಲಿಗೆ ಬಂದಾಗ ನೀವು ಉಸಿರು ನೋಡಿದಿರಿ, ಬೇರೆ ಏನನ್ನೂ ಕೇಳಲಿಲ್ಲ. ಈಗ ನಾನೂ ಕೇಳುವುದಿಲ್ಲ.

ನಿಮ್ಮ ಮಗಳು,
ಸೋನುಬಾಯಿ, ಹರಕಾರ